ಸೇವೆಗೆ ಸಾಧು, ದುಡಿಮೆಗೆ ಕೂಲಿ



*ಇಂದಿನ ಧಮ್ಮ ಚಿಂತನೆ*

ಆಶಾ ಅಕ್ಕಂದಿರು ನಮ್ಮೆಲ್ಲರ ಮನೆಬಾಗಿಲಿಗೆ ಬರುವವರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಜೊತೆ ಶುರುವಾದ ಈ ಪಡೆಯಲ್ಲಿ ಇಂದು ದೇಶದಾದ್ಯಂತ ಸುಮಾರು 10 ಲಕ್ಷ ಹೆಣ್ಣುಮಕ್ಕಳಿದ್ದಾರೆ. ಕಡತದಲ್ಲಿ ಮಾತ್ರ ಅವರು "ಸ್ವಯಂಸೇವಕಿಯರು". ಹಾಗಾಗಿ ಸಂಬಳವಿಲ್ಲ, ಗೌರವಧನ, ಪ್ರೋತ್ಸಾಹಧನ ಅಷ್ಟೆ. ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಮಗುವನ್ನು 42 ದಿನಗಳೊಳಗೆ ಆರು ಸಲ ನೋಡಿ ಬಂದರೆ ಸಿಗುವುದು ಒಟ್ಟು 250 ರೂಪಾಯಿ.

ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬರು ಕೇಳಿದರು: "ದಾನ ಒಂದು ಪಾರಮಿತೆ. ಸೇವೆಗೆ ಬೆಲೆ ಕಟ್ಟಿದರೆ ಕರುಣೆ ಕುಗ್ಗುವುದಿಲ್ಲವೇ?"

ನಾನು ಹೇಳಿದ್ದು ಇಷ್ಟು. ದಾನವು ಕೊಡುವವರ ಮನಸ್ಸಿನಲ್ಲಿ ಹುಟ್ಟಬೇಕು. ಇನ್ನೊಬ್ಬರ ದುಡಿಮೆಗೆ ನಾವೇ "ದಾನ" ಎಂದು ಹೆಸರಿಟ್ಟರೆ ಎರಡನೆಯ ಶೀಲ ಮುರಿಯುತ್ತದೆ. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂದಲ್ಲವೇ ನಾವು ದಿನವೂ ಹೇಳುವುದು?

ನಮ್ಮ ಹಿರಿಯರ ಬಿಟ್ಟಿ ಚಾಕರಿ ನೆನಪಿಸಿಕೊಳ್ಳಿ. ಸಾವಿನ ಸುದ್ದಿ ಮುಟ್ಟಿಸಿದರು, ಸತ್ತ ದನ ಎಳೆದರು. ಊರು ಅದನ್ನು "ಪದ್ಧತಿ" ಎಂದಿತು. ಬೆಳಗಾವಿ, ಧಾರವಾಡವೂ ಸೇರಿದ್ದ ಅಂದಿನ ಮುಂಬೈ ಪ್ರಾಂತ್ಯದಲ್ಲಿ ಬಾಬಾಸಾಹೇಬರು 1928ರಲ್ಲಿ ಮಹಾರ್ ವತನ ಮಸೂದೆ ತಂದದ್ದು ಇಂಥ ಚಾಕರಿಯ ವಿರುದ್ಧ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ, ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ದುಡಿಸಿಕೊಳ್ಳುವವರಿಗೆ ಐದು ಕರ್ತವ್ಯ ಹೇಳಿದ್ದಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಕಾಲಕ್ಕೆ ಬಿಡುವು. ಅಲ್ಲಿ ಕೂಲಿಗೂ ಕರುಣೆಗೂ ಜಗಳವಿಲ್ಲ.

ನಡುರಾತ್ರಿ ಹೆರಿಗೆ ನೋವಿನ ಕರೆ ಬಂದರೆ ಆಶಾ ಅಕ್ಕ ಎದ್ದು ಹೊರಡುವುದು ಮೈತ್ರಿಯಿಂದಲೇ. ಆ ಮೈತ್ರಿ ಬಾಡದಿರಲು ಅವರ ಮನೆಯ ಒಲೆಯೂ ಉರಿಯಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಅವರೇ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂತರು. ತಿಂಗಳಿಗೆ 15 ಸಾವಿರ ಕೇಳಿದರು, 10 ಸಾವಿರದ ಭರವಸೆ ಸಿಕ್ಕಿತು.

*ಇಂದಿನ ಅಭ್ಯಾಸ:* ನಿಮ್ಮ ಬೀದಿಯ ಆಶಾ ಅಕ್ಕನಿಗೆ "ಕಳೆದ ತಿಂಗಳ ದುಡ್ಡು ಬಂತಾ ಅಕ್ಕಾ?" ಎಂದು ಕೇಳಿ. ಬಂದಿಲ್ಲವೆಂದರೆ ಗ್ರಾಮಸಭೆಯಲ್ಲಿ ಅವರ ಜೊತೆ ನಿಂತು ಮಾತಾಡಿ. ನಮ್ಮ ವಿಹಾರದಲ್ಲಿ ಕಸ ಗುಡಿಸುವವರ, ಅಡುಗೆ ಮಾಡುವವರ ಕೂಲಿಯನ್ನು "ಸೇವೆ" ಎಂದು ಉಳಿಸಿಕೊಳ್ಳುತ್ತಿದ್ದೇವೆಯೇ, ಅದನ್ನೂ ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🪷