ಸ್ಪರ್ಶರೇಖೆಯ ಇಳಿಜಾರು: ಒಂದು ವಿವೇಚನೆ

ಕಲನಶಾಸ್ತ್ರವನ್ನು ಅಭ್ಯಸಿಸತೊಡಗಿದ ವಿದ್ಯಾರ್ಥಿಯು ವರ್ಗದ ನಿಷ್ಪನ್ನವು ಮೂಲಸಂಖ್ಯೆಯ ಇಮ್ಮಡಿ ಎಂಬ ಸೂತ್ರವನ್ನು ಬಹುಬೇಗನೆ ಕಂಠಸ್ಥ ಮಾಡಿಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ದೊರೆಯುತ್ತವೆ. ಆದರೆ ಆ ಇಮ್ಮಡಿಯು ಯಾವುದರ ಅಳತೆಯೆಂದು ಕೇಳಿದರೆ ಉತ್ತರ ಬಾರದು. ಸೂತ್ರವು ನಾಲಗೆಯಲ್ಲಿ ನಿಂತು ಅರ್ಥವು ಬುದ್ಧಿಗಿಳಿಯದ ಈ ಸ್ಥಿತಿ ವ್ಯಾಕರಣ ಬೋಧಿಸುವವರಿಗೆ ಅಪರಿಚಿತವಲ್ಲ. ಆದುದರಿಂದ ಭಾಷಾಪಂಡಿತನೊಬ್ಬನು ಈ ವಿಷಯವನ್ನು ಪದಾರ್ಥದ ದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ಸ್ಪರ್ಶವೆಂದರೆ ಮುಟ್ಟುವಿಕೆ. ವೃತ್ತವನ್ನು ಸಂಧಿಸಿಯೂ, ಎಷ್ಟು ಬೆಳೆಸಿದರೂ ಅದನ್ನು ಕತ್ತರಿಸದಿರುವ ಸರಳರೇಖೆಯೇ ಸ್ಪರ್ಶರೇಖೆಯೆಂದು ಯೂಕ್ಲಿಡನು ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಹೇಳಿದ್ದಾನೆ. ವೃತ್ತಕ್ಕೆ ಈ ಲಕ್ಷಣವು ನಿರ್ದುಷ್ಟವಾದುದು. ಬೇರೆ ವಕ್ರರೇಖೆಗಳಿಗೆ ಇದು ಸಾಲದು. ಅಡ್ಡದೂರದ ಘನವೇ ಎತ್ತರವಾಗಿರುವ ವಕ್ರರೇಖೆಯನ್ನು ತೆಗೆದುಕೊಳ್ಳೋಣ. ಅಡ್ಡದೂರ 1, ಎತ್ತರ 1 ಇರುವಲ್ಲಿ ಅದನ್ನು ಸ್ಪರ್ಶಿಸುವ ರೇಖೆಯು, ಅಡ್ಡದೂರ ಋಣ 2 ಇರುವಲ್ಲಿ ಅದೇ ವಕ್ರರೇಖೆಯನ್ನು ಮತ್ತೆ ಸಂಧಿಸಿ ಕತ್ತರಿಸುತ್ತದೆ. ಹೀಗಾಗಿ ಕತ್ತರಿಸದಿರುವುದು ಸ್ಪರ್ಶದ ಲಕ್ಷಣವಾಗಲಾರದು. ಸ್ಪರ್ಶಬಿಂದುವಿನಲ್ಲಿ ವಕ್ರರೇಖೆ ಯಾವ ದಿಕ್ಕಿಗೆ ಸಾಗುತ್ತಿದೆಯೋ ಆ ದಿಕ್ಕನ್ನೇ ಹಿಡಿದು ಹೋಗುವುದು ಸ್ಪರ್ಶರೇಖೆಯ ನಿಜವಾದ ಲಕ್ಷಣ.

ದಿಕ್ಕನ್ನು ಅಳೆಯುವುದು ಇಳಿಜಾರಿನಿಂದ. ಎತ್ತರದ ವ್ಯತ್ಯಾಸವನ್ನು ಅಡ್ಡದೂರದ ವ್ಯತ್ಯಾಸದಿಂದ ಭಾಗಿಸಿದರೆ ಬರುವ ಲಬ್ಧವೇ ಇಳಿಜಾರು. ಏರಿಗೂ ಶಾಸ್ತ್ರದಲ್ಲಿ ಇದೇ ಹೆಸರು. ಆದರೆ ಭಾಗಿಸಲು ಎರಡು ಬಿಂದುಗಳು ಬೇಕು, ಸ್ಪರ್ಶಬಿಂದುವಾದರೋ ಒಂದೇ. ಇಲ್ಲಿಯೇ ಸಮಸ್ಯೆಯ ತಿರುಳಿದೆ.

ಅಡ್ಡದೂರದ ವರ್ಗವೇ ಎತ್ತರವಾಗಿರುವ ಪರವಲಯದಲ್ಲಿ ಅಡ್ಡದೂರ 1 ಇರುವ ಬಿಂದುವನ್ನು ನೋಡೋಣ. ಎರಡನೆಯ ಬಿಂದುವನ್ನು ಕ್ರಮವಾಗಿ 2, 1.5, 1.1, 1.01 ಎಂಬ ಅಡ್ಡದೂರಗಳಲ್ಲಿ ಇಟ್ಟರೆ ಎತ್ತರಗಳು 4, 2.25, 1.21, 1.0201 ಆಗುತ್ತವೆ. ಆ ಬಿಂದುಗಳನ್ನು ಮೊದಲಿನದಕ್ಕೆ ಜೋಡಿಸುವ ಛೇದಕರೇಖೆಗಳ ಇಳಿಜಾರುಗಳು 3, 2.5, 2.1, 2.01. ಎರಡನೆಯ ಬಿಂದು ಸಮೀಪಿಸಿದಂತೆಲ್ಲ ಇಳಿಜಾರು 2ನ್ನು ಸಮೀಪಿಸುತ್ತದೆ. ಈ ಪರಿಮಿತಿಯೇ ಸ್ಪರ್ಶರೇಖೆಯ ಇಳಿಜಾರು.

ಇದನ್ನೇ ಸಾಮಾನ್ಯವಾಗಿ ಹೇಳುವುದಾದರೆ, ಅಡ್ಡದೂರ ‘ಅ’ ಎಂದೂ ಅದರ ಹೆಚ್ಚಳ ‘ಹ’ ಎಂದೂ ಇರಲಿ. ಆಗ ಎತ್ತರದ ಹೆಚ್ಚಳ 2ಅಹ + ಹ². ಅದನ್ನು ‘ಹ’ದಿಂದ ಭಾಗಿಸಿದರೆ 2ಅ + ಹ. ‘ಹ’ವು ಸೊನ್ನೆಯನ್ನು ಸಮೀಪಿಸಿದಾಗ ಉಳಿಯುವುದು 2ಅ. ಇದೇ ನಿಷ್ಪನ್ನ. ವಿದ್ಯಾರ್ಥಿಯು ಕಂಠಸ್ಥ ಮಾಡಿದ ಇಮ್ಮಡಿಯ ಅರ್ಥವೂ ಇದೇ.

ಇಲ್ಲಿ ಸೂಕ್ಷ್ಮವೊಂದುಂಟು. ‘ಹ’ವನ್ನು ಮೊದಲೇ ಸೊನ್ನೆಯಾಗಿಸಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾದೀತು, ಅದಕ್ಕೆ ಅರ್ಥವಿಲ್ಲ. ನಮ್ಮ ಲೋಪಸಂಧಿಯಲ್ಲಿಯೂ ಅರ್ಥ ಕೆಡದಿದ್ದರೆ ಮಾತ್ರ ಪೂರ್ವಸ್ವರ ಲೋಪಿಸುತ್ತದೆ. ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ವಾಗುತ್ತದೆ, ‘ಮನೆ’ಯು ‘ಇಂದ’ದೊಡನೆ ಸೇರಿದಾಗ ಲೋಪಕ್ಕೆ ಎಡೆಯಿಲ್ಲದೆ ‘ಮನೆಯಿಂದ’ ಎಂದು ಆಗಮ ಬರುತ್ತದೆ. ಹಾಗೆಯೇ ‘ಹ’ದ ಲೋಪವೂ ಭಾಗಾಕಾರವಾದ ಮೇಲೆಯೇ ಆಗಬೇಕು.

ಈ ಸಂಶಯ ಸಾಮಾನ್ಯವಾದುದಲ್ಲ. ಲೈಬ್ನಿಟ್ಸನು 1684ರಲ್ಲಿ ಸ್ಪರ್ಶರೇಖೆಗಳನ್ನು ಕುರಿತ ತನ್ನ ಹೊಸ ವಿಧಾನವನ್ನು ಪ್ರಕಟಿಸಿದ ಅರ್ಧಶತಮಾನದ ತರುವಾಯ, 1734ರಲ್ಲಿ, ಬರ್ಕ್ಲಿ ಎಂಬ ತತ್ತ್ವಜ್ಞಾನಿಯು ಇಂತಹ ಹೆಚ್ಚಳಗಳನ್ನು ಒಮ್ಮೆ ಇವೆಯೆಂದೂ ಮತ್ತೊಮ್ಮೆ ಇಲ್ಲವೆಂದೂ ಎಣಿಸುವುದನ್ನು ಕಟುವಾಗಿ ಟೀಕಿಸಿದನು. 1821ರಲ್ಲಿ ಕೋಶಿಯು ಪರಿಮಿತಿಯ ಭಾವನೆಯನ್ನೇ ಕಲನಶಾಸ್ತ್ರಕ್ಕೆ ತಳಹದಿಯಾಗಿಸಿದನು. ವಿದ್ವಾಂಸರಿಗೇ ಇಷ್ಟು ಕಾಲ ಹಿಡಿದ ವಿಷಯದಲ್ಲಿ ಬಾಲಕನೊಬ್ಬನು ಸಂಶಯಪಟ್ಟರೆ ಅದನ್ನು ಮಂದಮತಿತನವೆಂದು ಗದರಿಸಬಾರದು. ಅದು ವಿಚಾರದ ಮೊದಲ ಹೆಜ್ಜೆ.

ಕ್ಷಣಕ್ಷಣಕ್ಕೂ ಬದಲಾಗುವುದನ್ನು ಆ ಕ್ಷಣದಲ್ಲಿಯೇ ಅಳೆಯಬೇಕೆಂಬ ಭಾವನೆ ನಮ್ಮ ದೇಶಕ್ಕೂ ಹೊಸದಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹಗಳ ದಿನಗತಿಯಿಂದ ತಾತ್ಕಾಲಿಕ ಗತಿಯನ್ನು ಬೇರ್ಪಡಿಸಿದ್ದಾನೆ. ಚಂದ್ರನ ಗತಿ ಬೇಗಬೇಗನೆ ಮಾರ್ಪಡುವುದರಿಂದ ಅಲ್ಲಿ ಈ ಭೇದವು ವಿಶೇಷವಾಗಿ ಅವಶ್ಯಕ. ಪರಿಮಿತಿಯ ಸಿದ್ಧಾಂತ ಅಲ್ಲಿ ಇಲ್ಲ; ಆದರೆ ಹೆಸರು ಅನ್ವರ್ಥವಾಗಿದೆ. ಕಾಲವನ್ನು ಅಡ್ಡದೂರವಾಗಿಯೂ ಕ್ರಮಿಸಿದ ದಾರಿಯನ್ನು ಎತ್ತರವಾಗಿಯೂ ಚಿತ್ರಿಸಿದರೆ ತಾತ್ಕಾಲಿಕ ಗತಿಯೇ ಸ್ಪರ್ಶರೇಖೆಯ ಇಳಿಜಾರಾಗುತ್ತದೆ.

ಎಲ್ಲ ಬಿಂದುಗಳಿಗೂ ಇಂತಹ ಇಳಿಜಾರು ಇರುತ್ತದೆಂದು ಭ್ರಮಿಸಬಾರದು. ಎರಡು ನೇರ ಇಳಿಜಾರುಗಳು ಕೂಡುವ ಮಾಡಿನ ನೆತ್ತಿಯಲ್ಲಿ ಎಡದಿಂದ ಬಂದರೆ ಒಂದು, ಬಲದಿಂದ ಬಂದರೆ ಇನ್ನೊಂದು, ಅಲ್ಲಿ ನಿಷ್ಪನ್ನವಿಲ್ಲ. ನುಣುಪಾದ ದಿಬ್ಬದ ನೆತ್ತಿಯಲ್ಲಾದರೋ ಅದು ಸೊನ್ನೆ. ಇವೆರಡರ ಭೇದವನ್ನು ಬಲ್ಲವನಿಗೆ ವಿಷಯ ತಿಳಿದಿದೆಯೆನ್ನಬಹುದು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಸೂತ್ರವನ್ನು ಹೇಳಿಕೊಡುವ ಮುನ್ನ ನಕ್ಷೆಕಾಗದದ ಮೇಲೆ ಪರವಲಯವೊಂದನ್ನು ಬರೆಯಿಸಿ, ನಾಲ್ಕು ಛೇದಕರೇಖೆಗಳ ಇಳಿಜಾರನ್ನು ವಿದ್ಯಾರ್ಥಿಯ ಕೈಯಿಂದಲೇ ಲೆಕ್ಕ ಮಾಡಿಸಬೇಕು. ಐದನೆಯದನ್ನು ಅವನೇ ಊಹಿಸುವನು. ಹಾಗೆ ಊಹಿಸಿದವನಿಗೆ ಸೂತ್ರವು ಮರೆತರೂ ಅದನ್ನು ಮತ್ತೆ ಸಾಧಿಸಿಕೊಳ್ಳುವ ಶಕ್ತಿ ಉಳಿಯುತ್ತದೆ.