ಮೋಟಾರಿನ ಮೈಗೆ ಮೆರುಗು

ಕಪ್ಪು ಬಣ್ಣದ ಕಾರೊಂದನ್ನು ಬಿಸಿಲಿನಲ್ಲಿ ನಿಲ್ಲಿಸಿ, ಅದರ ಬಾನೆಟ್ಟಿನ ಮೇಲೆ ಹೊಳೆಯುವ ಸೂರ್ಯಬಿಂಬದ ಸುತ್ತ ದೃಷ್ಟಿಯಿಟ್ಟು ನೋಡಿದರೆ, ಜೇಡರ ಬಲೆಯಂತೆ ಒಂದರೊಳಗೊಂದು ಸುತ್ತಿಕೊಂಡ ನವುರಾದ ಗೆರೆಗಳು ಕಾಣುತ್ತವೆ. ಗಾಡಿ ತೀರ ಹೊಸದಾಗಿದ್ದರೂ, ನವಲಗುಂದ ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಒಂದೆರಡು ಬೇಸಗೆ ಓಡಾಡಿದ್ದರೆ ಸಾಕು, ಈ ಬಲೆ ಮೂಡದೆ ಇರದು. ತೊಳೆದವನು ಬಟ್ಟೆಯನ್ನು ಸುತ್ತುಸುತ್ತಾಗಿ ಆಡಿಸಿದ್ದರಿಂದ ಹೀಗಾಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಈ ವೃತ್ತಗಳು ಬಣ್ಣದ ಮೇಲೆ ಇಲ್ಲವೇ ಇಲ್ಲ. ಅಡುಗೆಮನೆಯ ಹಳೆಯ ಸ್ಟೀಲಿನ ತಟ್ಟೆಯೊಂದನ್ನು ದೀಪದ ಕೆಳಗೆ ಹಿಡಿದು, ತಲೆಯನ್ನು ಅತ್ತಿತ್ತ ಸರಿಸಿ ನೋಡಿರಿ. ದೀಪದ ಬಿಂಬ ಎತ್ತ ಸರಿದರೆ ಅತ್ತ ವೃತ್ತಗಳ ಕೇಂದ್ರವೂ ಸರಿಯುತ್ತದೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕುಗಳಲ್ಲಿಯೂ ಅಡ್ಡಾದಿಡ್ಡಿಯಾಗಿ ಹರಡಿವೆ. ಅವುಗಳಲ್ಲಿ ಬೆಳಕಿನ ದಿಕ್ಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುತ್ತವೆ. ಅಂಥ ಚಿಕ್ಕ ಚಿಕ್ಕ ತುಣುಕುಗಳೆಲ್ಲ ಕೂಡಿ ಬಿಂಬದ ಸುತ್ತ ಬಳೆಯ ಆಕಾರ ತಾಳುತ್ತವೆ.

ಬಿಳಿಯ ಕಾರಿನಲ್ಲಿಯೂ ಗೀರುಗಳ ಸಂಖ್ಯೆ ಇಷ್ಟೇ ಇರಬಹುದು. ಬಣ್ಣದ ಮೇಲ್ಮೈಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4ರಷ್ಟು ಮಾತ್ರ ಕನ್ನಡಿಯಂತೆ ಮರಳುವುದು, ಉಳಿದದ್ದು ಒಳಹೋಗುತ್ತದೆ. ಬಿಳಿಯ ಬಣ್ಣ ಅದನ್ನೂ ಚದರಿಸಿ ಹೊರಗೆ ಕಳುಹಿಸುವುದರಿಂದ ಗೀರಿನ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಒಳಹೋದುದನ್ನು ನುಂಗಿಬಿಡುವುದರಿಂದ ಕತ್ತಲೆಯ ಹಿನ್ನೆಲೆಯಲ್ಲಿ ಗೀರು ಎದ್ದು ಕಾಣುತ್ತದೆ.

ಇನ್ನು ಗೀರು ಎಳೆದವರಾರು? ಎರೆಮಣ್ಣಿನ ಜೇಡಿ ಬಲು ಮೆದು. ಮೋಸ್ ಎಂಬಾತನ ಕಾಠಿಣ್ಯದ ಶ್ರೇಣಿಯಲ್ಲಿ ಅದರ ಸ್ಥಾನ 1 ಅಥವಾ 2. ಅದರ ಕಣಗಳು ಮಿಲಿಮೀಟರಿನ ಸಾವಿರದ ಎರಡು ಪಾಲಿಗಿಂತ, ಎಂದರೆ 2 ಮೈಕ್ರಾನಿಗಿಂತ, ಚಿಕ್ಕವು. ಅವುಗಳನ್ನು ದೂಷಿಸಲಾಗದು. ಆದರೆ ಆ ಜೇಡಿಯ ನಡುವೆ ಬೆಣಚುಕಲ್ಲಿನ ಸಣ್ಣ ಮರಳು ಅಡಗಿರುತ್ತದೆ. ಅದರ ಕಾಠಿಣ್ಯ 7, ಗಾಜನ್ನೂ ಗೀರಬಲ್ಲದು. ಜೇಡಿಯು ಒಣಗಿ ಅಂಟಿನಂತೆ ಬಿಗಿದು ಈ ಮರಳನ್ನು ಬಣ್ಣಕ್ಕೆ ಕಚ್ಚಿಸಿ ಹಿಡಿಯುತ್ತದೆ. ಒಣಬಟ್ಟೆಯಿಂದ ಧೂಳು ಝಾಡಿಸುವವನು ಆ ಹರಳುಗಳನ್ನು ಕಿತ್ತು, ಅಲ್ಲಿಂದ ಗಾಡಿಯ ಉದ್ದಗಲಕ್ಕೂ ಎಳೆಯುತ್ತಾನೆ. ಕಲಘಟಗಿಯ ಕಡೆಗೆ ಹೋದಂತೆ ಎರೆ ಮುಗಿದು ಮಸಾರಿ, ಕೆಂಪು ಮಣ್ಣು ಕಾಣಿಸಿಕೊಳ್ಳುತ್ತವೆ. ಅಲ್ಲಿ ಧೂಳಿನ ಬಣ್ಣ ಬೇರೆಯಾದರೂ ಬೆಣಚಿನ ಗುಣ ಬೇರೆಯಾಗದು.

ಈ ಗೀರುಗಳನ್ನು ಯಂತ್ರದಿಂದ ತೆಗೆಯುವ ಕಸುಬು ಈಗ ಹುಬ್ಬಳ್ಳಿ ಧಾರವಾಡಗಳಂಥ ಪಟ್ಟಣಗಳಲ್ಲಿ ನೆಲೆಯೂರಿದೆ. ಅದನ್ನು ಕಲಿಯಲು ಬಯಸುವ ತರುಣರು ಮೊದಲು ತಿಳಿಯಬೇಕಾದುದು ಯಂತ್ರವನ್ನಲ್ಲ, ಮೆರುಗು ಎಂದರೇನೆಂಬುದನ್ನು.

ಈ ಪ್ರಶ್ನೆ ವಿಜ್ಞಾನಿಗಳನ್ನು ಮುನ್ನೂರು ವರ್ಷ ಕಾಡಿದೆ. ನ್ಯೂಟನ್ ತನ್ನ 1704ರ ಬೆಳಕಿನ ಗ್ರಂಥದಲ್ಲಿ, ಗಾಜಿಗೆ ಮೆರುಗು ಕೊಡುವುದೆಂದರೆ ಅದನ್ನು ಇನ್ನೂ ನವುರಾಗಿ ಗೀರುವುದೇ ಎಂದು ತಿಳಿಸಿದನು. ಗೀರುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವಾದಾಗ ಮೈ ಹೊಳೆಯುವುದೆಂದು ಅವನ ಎಣಿಕೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೀಲ್ಬಿ ಎಂಬ ವಿದ್ವಾಂಸನು ಬೇರೊಂದು ವಾದ ಹೂಡಿದನು. ಉಜ್ಜುವಾಗ ಮೇಲ್ಪದರವು ದ್ರವದಂತೆ ಹರಿದು ತಗ್ಗುಗಳನ್ನು ತುಂಬುತ್ತದೆ, ಉಬ್ಬನ್ನು ಕಡಿಯುವುದಲ್ಲ, ಎಂದನು. 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬುವರು ಈ ವಾದಕ್ಕೆ ಪುಷ್ಟಿಯಾಗಿ ಒಂದು ಚೆಲುವಾದ ಪ್ರಯೋಗ ನಡೆಸಿದರು. ನಾವು ದೇವರಿಗೆ ಬೆಳಗುವ ಕರ್ಪೂರದಂಥ ಮೆತ್ತನೆಯ ವಸ್ತುವಿನಿಂದ ಅವರು ಲೋಹವನ್ನು ಉಜ್ಜಿದರು. ಕರ್ಪೂರ ಕರಗುವುದು ಸುಮಾರು 178 ಡಿಗ್ರಿ ಸೆಂಟಿಗ್ರೇಡಿನಲ್ಲಿ. 70 ಡಿಗ್ರಿಯ ಸುಮಾರಿಗೆ ಕರಗುವ ವುಡ್ ಲೋಹಕ್ಕೆ ಅದು ಮೆರುಗು ಕೊಟ್ಟಿತು. 232 ಡಿಗ್ರಿಯಲ್ಲಿ ಕರಗುವ ತವರಕ್ಕೆ ಕೊಡಲಿಲ್ಲ. ಅಂದಮೇಲೆ ಇಲ್ಲಿ ಕಾಠಿಣ್ಯಕ್ಕಿಂತ ಕರಗುವ ಗುಣವೇ ಮುಖ್ಯವೆಂದು ಅವರು ನಿರ್ಣಯಿಸಿದರು. ಮುಂದೆ ಸೂಕ್ಷ್ಮದರ್ಶಕಗಳು ಸುಧಾರಿಸಿ, ಆಸ್ಟ್ರೇಲಿಯದ ಸ್ಯಾಮ್ಯುಯೆಲ್ಸ್ ಮೊದಲಾದವರು ಮೆರುಗಿನ ಲೋಹದ ಮೈಯಲ್ಲಿ ಅತಿ ನವುರಾದ ಕೊರೆತದ ಗುರುತುಗಳನ್ನು ಕಂಡ ಮೇಲೆ, ಪಕ್ಷ ಮತ್ತೆ ಬಹುಮಟ್ಟಿಗೆ ನ್ಯೂಟನ್ನನ ಕಡೆಗೆ ವಾಲಿತು.

ನಮ್ಮ ನಾಡಿನ ಕುಶಲಕಲೆಗಳಲ್ಲಿ ಈ ಎರಡು ಬಗೆಯ ಮೆರುಗೂ ಉಂಟು. ಅಣ್ಣಿಗೇರಿಯಲ್ಲಿ 11ನೆಯ ಶತಮಾನದ ಅಮೃತೇಶ್ವರ ದೇವಾಲಯದ ಕಂಬಗಳು ಬಳಪದ ಕಲ್ಲಿನವು. ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಅವುಗಳ ಮೈ, ಕಲ್ಲನ್ನು ಸವೆಸಿ ಪಡೆದ ಮೆರುಗು. ಚನ್ನಪಟ್ಟಣದ ಗೊಂಬೆಯವರದು ಇನ್ನೊಂದು ಬಗೆ. ಸುತ್ತುವ ಮರಕ್ಕೆ ಅವರು ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಹರಿಯುತ್ತದೆ, ಗರಿಯ ತುಂಡು ಹಿಡಿದರೆ ಕನ್ನಡಿಯಾಗುತ್ತದೆ. ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯಲ್ಲಿಯೂ ಮರದ ಮೇಲಿನ ಬಣ್ಣಕ್ಕೆ ಅರಗೇ ಆಧಾರ. ಅರಗಿನ ಕೆಲಸದಲ್ಲಿ ಬಿಸಿಯೇ ಸಹಾಯಕ.

ಕಾರಿನ ಬಣ್ಣ ಅರಗಿನ ಜಾತಿಯದಲ್ಲ. ಇಂದಿನ ಕಾರ್ಖಾನೆಗಳಲ್ಲಿ ಉಕ್ಕಿನ ತಗಡಿಗೆ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ತೆಳುವಾದ ಬಣ್ಣ, ಎಲ್ಲಕ್ಕೂ ಮೇಲೆ ನೀರಿನಂತೆ ತಿಳಿಯಾದ ಪಾರದರ್ಶಕ ಲೇಪ, ಹೀಗೆ ಪದರಗಳನ್ನು ಕೂಡಿಸಿ ಒಲೆಯಲ್ಲಿ ಕಾಯಿಸುತ್ತಾರೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೇಲಿನ ಪಾರದರ್ಶಕ ಲೇಪ ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲೊಂದರ ದಪ್ಪಕ್ಕಿಂತ ಕಡಿಮೆ. ಕಾಯಿಸುವಾಗ ಅದರ ಅಣುಸರಣಿಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ, ಮತ್ತೆ ಬಿಸಿ ಮಾಡಿದರೆ ಅದು ಕರಗಿ ಹರಿಯುವುದಿಲ್ಲ. ಮೆತ್ತಗಾಗಿ, ಬಿಸಿ ಮಿತಿಮೀರಿದರೆ ಕೆಟ್ಟುಹೋಗುತ್ತದೆ. ಆದುದರಿಂದ ಇಲ್ಲಿ ಗೀರನ್ನು ತುಂಬಿಸುವ ಮಾತಿಲ್ಲ. ಹೊಲದಲ್ಲಿ ಕುಂಟೆ ಹೊಡೆದರೆ ದಿಣ್ಣೆಯ ಮಣ್ಣು ತಗ್ಗಿಗೆ ಸೇರುತ್ತದೆ. ಕಾರಿನ ಮೈಯಲ್ಲಿ ಹಾಗಾಗದು. ಗೀರಿನ ಅಡಿ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಬಯಲನ್ನೇ ತಗ್ಗಿಸಬೇಕು. ತಗ್ಗಿಸಿದ್ದು ಮರಳಿ ಬರುವುದಿಲ್ಲ. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಇರುವುದೂ ಈ ಲೇಪದಲ್ಲಿಯೇ. ಅದು ತೀರ ತೆಳುವಾದ ಗಾಡಿಯ ಬಣ್ಣ ನಮ್ಮ ಬಿಸಿಲಿಗೆ ಮಾಸಿ, ಮೇಲ್ಪದರ ಹಾವಿನ ಪೊರೆಯಂತೆ ಏಳುತ್ತದೆ. ಮೆರುಗು ತಪ್ಪಿದರೆ ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ, ಅದರ ವೆಚ್ಚ ಕಲಿಯುವವನ ಅನೇಕ ದಿನಗಳ ದುಡಿಮೆಯನ್ನು ನುಂಗೀತು.

ಆದಕಾರಣವೇ ಮೊದಲ ಪಾಠ ಗುಜರಿಯಿಂದ ತಂದ ಹಳೆಯ ಬಾನೆಟ್ಟಿನ ಮೇಲೆ ನಡೆಯತಕ್ಕದ್ದು. ಕಪ್ಪು ಅಥವಾ ಕಡುನೀಲಿಯದಾದರೆ ಉತ್ತಮ. ಕಾರ್ಖಾನೆಯ ಬಣ್ಣವೇ ಇರಲಿ. ಅದನ್ನು ಅಲುಗಾಡದಂತೆ ಮೇಜಿನ ಮೇಲೆ ಕೂರಿಸಿ, ಚೆನ್ನಾಗಿ ತೊಳೆದು ಒಣಗಿಸಿ, ಮಾಸ್ಕಿಂಗ್ ಟೇಪಿನಿಂದ ನಾಲ್ಕು ಚೌಕಗಳಾಗಿ ವಿಭಾಗಿಸಿರಿ. ಒಂದು ಚೌಕವನ್ನು ಮುಟ್ಟಲೇಬಾರದು. ಹೋಲಿಕೆಗೆ ಅದು ಇರದಿದ್ದರೆ, ಅರ್ಧ ತಾಸು ಕೆಲಸ ಮಾಡಿದ ಮೇಲೆ ಮೊದಲು ಹೇಗಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ. ಕಣ್ಣು ತನ್ನ ಶ್ರಮವನ್ನೇ ಹೊಗಳತೊಡಗುತ್ತದೆ.

ಯಂತ್ರಗಳು ಎರಡು ಬಗೆ. ರೋಟರಿ ಎಂಬುದು ಒಂದೇ ಅಚ್ಚಿನ ಸುತ್ತ ತಿರುಗುವುದು. 15 ಸೆಂಟಿಮೀಟರ್ ಅಗಲದ ಪ್ಯಾಡು ನಿಮಿಷಕ್ಕೆ 1,500 ಸುತ್ತು ಸುತ್ತಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 12 ಮೀಟರ್, ಎಂದರೆ ಗಂಟೆಗೆ 42 ಕಿಲೋಮೀಟರಿನಷ್ಟು ವೇಗದಿಂದ ಬಣ್ಣವನ್ನು ಉಜ್ಜುತ್ತದೆ. ಒಂದೆಡೆ ನಿಂತರೆ ಬಿಸಿ ಏರುವುದು ಕ್ಷಣಗಳ ಮಾತು. ಡ್ಯುಯಲ್ ಆ್ಯಕ್ಷನ್ ಎಂಬ ಇನ್ನೊಂದು ಯಂತ್ರದಲ್ಲಿ ಪ್ಯಾಡು ಚಿಕ್ಕ ಕಕ್ಷೆಯಲ್ಲಿ ಓಲಾಡುತ್ತ, ತನ್ನಷ್ಟಕ್ಕೆ ಸಡಿಲವಾಗಿ ತಿರುಗುತ್ತದೆ. ಹೆಚ್ಚು ಒತ್ತಿದರೆ ತಿರುಗುವುದನ್ನು ನಿಲ್ಲಿಸಿಬಿಡುತ್ತದೆ. ಹೊಸಬನಿಗೆ ಇದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಪ್ಯಾಡು ಕೂರುವ ಬಿಲ್ಲೆಯ ಅಂಚಿಗೆ ಒಂದು ದಪ್ಪ ಗೆರೆ ಎಳೆದುಕೊಂಡರೆ, ಪ್ಯಾಡು ನಿಜವಾಗಿ ತಿರುಗುತ್ತಿದೆಯೋ ಬರಿದೆ ನಡುಗುತ್ತಿದೆಯೋ ಎಂಬುದು ತಿಳಿಯುತ್ತದೆ.

ಮೊದಲು ಮೆತ್ತನೆಯ ಸ್ಪಂಜಿನ ಪ್ಯಾಡು ಮತ್ತು ನವುರಾದ ಪಾಲಿಷ್; ಅದು ಸಾಲದಿದ್ದರೆ ಮಾತ್ರ ಒರಟು ಕಾಂಪೌಂಡ್. ಈ ಕ್ರಮವನ್ನು ಅವಸರದವರು ತಿರುಗುಮುರುಗು ಮಾಡುತ್ತಾರೆ. ಪ್ಯಾಡಿಗೆ ಹೆಸರುಕಾಳಿನ ಗಾತ್ರದ ನಾಲ್ಕೈದು ಬೊಟ್ಟು ಪಾಲಿಷ್ ಹಚ್ಚಿ, ಬಣ್ಣದ ಮೇಲೆ ಇಟ್ಟ ಬಳಿಕವೇ ಯಂತ್ರದ ಗುಂಡಿ ಒತ್ತಬೇಕು. ಇಲ್ಲವಾದರೆ ಪಾಲಿಷ್ ಗೋಡೆಗೂ ಮುಖಕ್ಕೂ ಸಿಡಿಯುತ್ತದೆ. ಯಂತ್ರದ ತಂತಿ ಹೆಗಲ ಮೇಲೆ, ಕಣ್ಣಿಗೆ ಕನ್ನಡಕ. ಪ್ಯಾಡು ಮೈಗೆ ಸಮತಲವಾಗಿರಲಿ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಸರಿಸದೆ, ಹಿಂದಿನ ಸಾಲನ್ನು ಅರ್ಧ ಮುಚ್ಚುವಂತೆ ಎಡದಿಂದ ಬಲಕ್ಕೆ, ಬಳಿಕ ಮೇಲಿನಿಂದ ಕೆಳಕ್ಕೆ ನಡೆಸಬೇಕು. ಬಿತ್ತುವ ಕೂರಿಗೆಯ ಹಿಂದೆ ನಡೆದವರಿಗೆ ಈ ನಿಧಾನ ಹೊಸದಲ್ಲ. ನಾಲ್ಕರಿಂದ ಆರು ಬಾರಿ ಹೀಗೆ ನಡೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿರಿ. ನಡುನಡುವೆ ಅಂಗೈಯ ಹಿಂಭಾಗವನ್ನು ಬಣ್ಣಕ್ಕೆ ತಾಗಿಸಿ ಬಿಸಿಯನ್ನು ಪರೀಕ್ಷಿಸಿರಿ, ಬೆಚ್ಚಗಿರಬಹುದು, ಸುಡಬಾರದು.

ಪಾಲಿಷಿನಲ್ಲಿರುವ ಹರಳುಗಳು ಬಹುಪಾಲು ಅಲ್ಯೂಮಿನಿಯಂ ಆಕ್ಸೈಡಿನವು. ಕಾಠಿಣ್ಯ 9, ಎಂದರೆ ಬೆಣಚಿಗಿಂತಲೂ ಗಡಸು! ಗೀರು ತಂದ ಮರಳಿಗಿಂತ ಗಡಸಾದುದೇ ಗೀರನ್ನು ತೆಗೆಯುವುದು ವಿಚಿತ್ರವೆನಿಸಬಹುದು. ರಹಸ್ಯವಿರುವುದು ಗಾತ್ರದಲ್ಲಿ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್. ಉಳಿಯುವ ಗೀರುಗಳ ಆಳ ಅದಕ್ಕಿಂತ ಬಹಳ ಕಿರಿದಾದರೆ ಬೆಳಕಿಗೆ ಅವು ಲೆಕ್ಕಕ್ಕೇ ಬರುವುದಿಲ್ಲ.

ಒರೆಸಿದ ಕೂಡಲೆ ಚೌಕ ಫಳಫಳಿಸುತ್ತದೆ. ಇಲ್ಲಿಯೇ ಮೋಸಹೋಗುವ ಸಂಭವ ಹೆಚ್ಚು. ಪಾಲಿಷಿನ ಎಣ್ಣೆಯಂಶ ಗೀರುಗಳಲ್ಲಿ ನಿಂತು, ಬೆಳಕು ಚದರದಂತೆ ತಾತ್ಕಾಲಿಕವಾಗಿ ಮರೆಮಾಡುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಆ ಎಣ್ಣೆಯನ್ನು ತೆಗೆದು, ಬಿಸಿಲಿನಲ್ಲಿಯೋ ಟಾರ್ಚಿನ ಬೆಳಕಿನಲ್ಲಿಯೋ ಮುಟ್ಟದ ಚೌಕದೊಡನೆ ಹೋಲಿಸಿರಿ. ಎರಡು ಮೂರು ತೊಳೆತದ ಬಳಿಕ ಗೀರುಗಳು ಮರಳಿ ಬಂದುವೆಂದು ದೂರುವ ಗಾಡಿಗಳಲ್ಲಿ ಹಲವು ಈ ಪರೀಕ್ಷೆಯಿಲ್ಲದೆ ಹೊರಬಿದ್ದವು. ಉಗುರು ಆಡಿಸಿದಾಗ ತೊಡರುವಷ್ಟು ಆಳವಾದ ಗೀರನ್ನು ಮಾತ್ರ ಇದ್ದಂತೆಯೇ ಬಿಡಬೇಕು. ಅದರ ಅಡಿ ಮುಟ್ಟುವಷ್ಟರಲ್ಲಿ ಲೇಪವೇ ಮುಗಿಯಬಹುದು.

ನಾಲ್ಕನೆಯ ಚೌಕದ ಉಪಯೋಗ ಕೆಡಿಸುವುದು. ಹೌದು, ಬೇಕೆಂದೇ ಕೆಡಿಸುವುದು. ಒರಟು ಪ್ಯಾಡು, ಒರಟು ಕಾಂಪೌಂಡ್ ಹಾಕಿ, ಬಾನೆಟ್ಟಿನ ಚೂಪಾದ ಏಣೊಂದರ ಮೇಲೆ ಯಂತ್ರವನ್ನು ಬಿಡದೆ ಒತ್ತಿರಿ. ಏಣಿನ ಮೇಲೆ ಬಣ್ಣ ಮೊದಲೇ ತೆಳು, ಏಕೆಂದರೆ ದ್ರವವಾಗಿದ್ದಾಗ ಅದು ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ. ಪ್ಯಾಡಿನ ಭಾರವೂ ಅಲ್ಲಿಯೇ ಕೇಂದ್ರೀಕರಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೊಳಪಿನ ನಡುವೆ ಮಂಕಾದ ಮಚ್ಚೆಯೊಂದು ಮೂಡಿ, ಪ್ಯಾಡಿಗೆ ಗಾಡಿಯ ಬಣ್ಣ ಹತ್ತುತ್ತದೆ. ಪಾರದರ್ಶಕ ಲೇಪ ತೀರಿತೆಂಬುದಕ್ಕೆ ಇದೇ ಗುರುತು. ಒಂದೇ ಪದರದ ಬಣ್ಣವಿದ್ದ ಹಳೆಯ ಗಾಡಿಗಳಲ್ಲಿ ಬಟ್ಟೆಗೆ ಬಣ್ಣ ಹತ್ತುವುದು ಸಹಜವಾಗಿತ್ತು, ಯಾರೂ ಹೆದರುತ್ತಿರಲಿಲ್ಲ. ಈಗ ಅದು ಅಪಾಯದ ಸೂಚನೆ. ಎಷ್ಟು ಹೊತ್ತು ಹಿಡಿಯಿತು, ಅದಕ್ಕೆ ಮುನ್ನ ಕೈಗೆ ಎಷ್ಟು ಬಿಸಿ ತಾಗಿತು, ಸದ್ದು ಹೇಗೆ ಬದಲಾಯಿತು ಎಂಬುದನ್ನು ಮನಸ್ಸಿನಲ್ಲಿಡಿರಿ. ಗಿರಾಕಿಯ ಗಾಡಿಯಲ್ಲಿ ಇಂಥ ಏಣುಗಳಿಗೆ ಮೊದಲೇ ಟೇಪು ಅಂಟಿಸುವ ಅಭ್ಯಾಸ ಈ ಚೌಕದಿಂದ ತಾನಾಗಿ ಬರುತ್ತದೆ.

ಒಂದು ಕಾಂಪೌಂಡ್ ಕೆಲಸ ಸಾಮಾನ್ಯವಾಗಿ 2ರಿಂದ 5 ಮೈಕ್ರಾನ್ ಲೇಪವನ್ನು ಒಯ್ಯುತ್ತದೆ. 40 ಮೈಕ್ರಾನಿನ ಲೇಪಕ್ಕೆ ಎಂಟು ಹತ್ತು ಬಾರಿ ಕೆಲಸ ಮಾಡಬಹುದೆಂದು ಲೆಕ್ಕ ಹಾಕುವವರುಂಟು. ಆದರೆ ಕಿರಣಗಳನ್ನು ತಡೆಯಲು ಬಹುಪಾಲು ದಪ್ಪ ಉಳಿದೇ ಇರಬೇಕಾದ್ದರಿಂದ ಈ ಲೆಕ್ಕ ನಿಲ್ಲದು. ಗಾಡಿಯ ಆಯುಷ್ಯದಲ್ಲಿ ಅಂಥ ಕೆಲಸ ಎರಡು ಬಾರಿ ನಡೆದರೆ ಅದೇ ಹೆಚ್ಚೆನ್ನಬೇಕು.

ಹೀಗಿರುವಲ್ಲಿ ಗಾಡಿ ತೊಳೆಯುವ ಕ್ರಮವೂ ಈ ಕಸುಬಿನ ಭಾಗವೇ ಆಗುತ್ತದೆ. ಎರೆಮಣ್ಣಿನ ಜೇಡಿ ನೀರು ಹೀರಿ ಉಬ್ಬುವ ಜಾತಿಯದು. ಮೊದಲು ಧಾರಾಳವಾಗಿ ನೀರು ಹಾಯಿಸಿ, ನೆರಳಿನಲ್ಲಿ ಕೆಲವು ನಿಮಿಷ ಒಣಗಗೊಡದೆ ನೆನೆಯಬಿಟ್ಟರೆ, ಅದು ತಾನೇ ಸಡಿಲಗೊಂಡು ಬೆಣಚಿನ ಹರಳುಗಳನ್ನು ಬಿಟ್ಟುಕೊಡುತ್ತದೆ. ಮತ್ತೊಮ್ಮೆ ನೀರು ಹಾಯಿಸಿದ ಬಳಿಕವೇ ಬಟ್ಟೆ ತಾಗಬೇಕು. ಎರಡು ಬಕೆಟ್ಟುಗಳಿರಲಿ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿಯ ನೀರು. ನವಲಗುಂದದ ಕಡೆ ಅನೇಕ ಕೊಳವೆಬಾವಿಗಳ ನೀರು ಸವಳು. ಅದು ಬಿಸಿಲಿನಲ್ಲಿ ಆರಿದರೆ ಬಿಳಿಯ ಉಪ್ಪಿನ ಕಲೆ ಕಚ್ಚುತ್ತದೆ. ಕಡೆಯ ನೀರಾದರೂ ಕೆರೆಯದೋ ಮಳೆಯದೋ ಆಗಿರಲಿ. ಮೇಲಿನಿಂದ ಕೆಳಕ್ಕೆ ತೊಳೆದು ಬಂದು, ಬಾಗಿಲುಗಳ ಕೆಳಭಾಗವನ್ನೂ ಚಕ್ರಗಳನ್ನೂ ಕೊನೆಯಲ್ಲಿ ತೊಳೆಯಿರಿ. ಅವುಗಳಿಗೆ ಬಳಸಿದ ಬಟ್ಟೆ ಮತ್ತೆ ಬಾನೆಟ್ಟಿನ ಮೇಲೆ ಬರಕೂಡದು.