ಮೀನಿನ ತೊಟ್ಟಿ: ಗಾಜಿನದೋ, ಅಕ್ರಿಲಿಕ್ಕಿನದೋ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆಯಲ್ಲಿ ಬಣ್ಣದ ಮೀನು ಸಾಕಬಯಸುವವರು ತೊಟ್ಟಿ ಕೊಳ್ಳುವ ಮೊದಲು ತಮ್ಮ ನೀರನ್ನು ಗಮನಿಸಬೇಕು. ಕೊಳವೆ ಬಾವಿಯ ನೀರು ಗಡಸಾಗಿದ್ದರೆ, ಅದು ಆವಿಯಾದಂತೆ ತೊಟ್ಟಿಯ ಒಳಮೈಗೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ಗಾಜಾದರೆ ಇದನ್ನು ಬ್ಲೇಡಿನಿಂದ ಕೆರೆದು ತೆಗೆಯಬಹುದು. ಮೂಲೆಯ ಅಂಟಿಗೆ ಮಾತ್ರ ಬ್ಲೇಡು ತಾಗಬಾರದು. ಅಕ್ರಿಲಿಕ್ ಮೆದು, ಕೆರೆದರೆ ಗೀರು ಬಿದ್ದು ಮಸುಕಾಗುತ್ತದೆ. ಆದರೆ ಅದರ ತೂಕ ಗಾಜಿನ ಅರ್ಧದಷ್ಟು, ಸುಲಭವಾಗಿ ಒಡೆಯುವುದೂ ಇಲ್ಲ.

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ತುಂಬಿದರೆ ನೀರೇ ಸುಮಾರು 56 ಕಿಲೋ ತೂಗುತ್ತದೆ. ಆದ್ದರಿಂದ ಯಾವ ತೊಟ್ಟಿಗಾದರೂ ಸಮತಟ್ಟಾದ ಗಟ್ಟಿ ಮೇಜು ಬೇಕು.

ಗಡಸು ನೀರಿನ ಮನೆಗೆ ಗಾಜೇ ಲೇಸು. ಚಿಕ್ಕ ಮಕ್ಕಳ ಓಡಾಟವಿದ್ದರೆ ಅಕ್ರಿಲಿಕ್ ಕೊಂಡು, ಆವಿಯಾದ ನೀರಿನ ಬದಲಿಗೆ ಶುದ್ಧ ಮಳೆನೀರು ಹಾಕಿರಿ, ಪೊರೆ ಕಡಿಮೆಯಾಗುವುದು.